ನೆಲವನ್ನು ಮಾರಲೊಪ್ಪದ ಜನತೆ: ನುನಾವುಟ್ ನಮ್ಮ ಮುಂದಿಡುವ ಪ್ರಶ್ನೆ

2016ರ ಮೇ 9ರಂದು ಕೆನಡಾ ದೇಶದ ಉತ್ತರ ತುದಿಯಲ್ಲಿರುವ ನುನಾವುಟ್ ಪ್ರದೇಶದ 25 ಊರುಗಳಲ್ಲಿ ಜನಮತಗಣನೆ ನಡೆಯಿತು. ಮತದಾರರ ಮುಂದಿದ್ದ ಪ್ರಶ್ನೆ ಒಂದೇ. ಊರಿನ ಪೌರಸಂಸ್ಥೆಯ ಒಡೆತನದಲ್ಲಿರುವ ನಿವೇಶನಗಳನ್ನು ಖಾಸಗಿಯವರಿಗೆ ಮಾರಲು ಆ ಸಂಸ್ಥೆಗೆ ಅಧಿಕಾರ ಕೊಡಬೇಕೇ, ಬೇಡವೇ? 25 ಊರುಗಳೂ ಒಂದೇ ಉತ್ತರ ಕೊಟ್ಟವು: ಬೇಡ. 1995ರಲ್ಲಿ ಇದೇ ಪ್ರಶ್ನೆಯನ್ನು ಕೇಳಿದಾಗಲೂ ಜನತೆಯ ತೀರ್ಪು ಇದೇ ಆಗಿತ್ತು.

ಮೇಲ್ನೋಟಕ್ಕೆ ಇದು ವಿಚಿತ್ರವೆಂದು ತೋರುತ್ತದೆ. ಅಲ್ಲಿಯ ಮೂಲನಿವಾಸಿಗಳಾದ ಇನ್ಯೂಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಕುಟುಂಬಕ್ಕೆ ಸಾಲದಷ್ಟು ಚಿಕ್ಕದಾದ, ಕಿಕ್ಕಿರಿದ ಮನೆಗಳಲ್ಲಿ ವಾಸಿಸುತ್ತಾರೆ. ಪ್ರದೇಶದ ಜನಸಂಖ್ಯೆಯ ಅರ್ಧಕ್ಕೂ ಮಿಕ್ಕಿದವರಿಗೆ ಸರ್ಕಾರಿ ಬಾಡಿಗೆ ಮನೆಯೇ ಗತಿ. ಹೀಗಿರುವಾಗ ಸ್ವಂತ ನಿವೇಶನ ಕೊಳ್ಳುವ ಅವಕಾಶ ತಾನಾಗಿ ಬಂದರೆ ಯಾರು ತಾನೇ ಬೇಡವೆನ್ನುತ್ತಾರೆ? ಆದರೂ ಅವರು ಎರಡು ಬಾರಿ ಬೇಡವೆಂದರು. ಆ ನಿರಾಕರಣೆಯ ಹಿಂದಿರುವ ವಿಚಾರವೇನು, ಮತ್ತು ಅದರಿಂದ ಅವರ ಬದುಕು ಹಸನಾಯಿತೇ ಎಂಬುದನ್ನು ಕ್ರೈಸ್ತ ಸಾಮಾಜಿಕ ಬೋಧನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ಪ್ರದೇಶದ ಉದಯ

'ನುನಾವುಟ್' ಎಂದರೆ ಇನ್ಯೂಟ್ ಜನರ ಭಾಷೆಯಲ್ಲಿ 'ನಮ್ಮ ನೆಲ'. ವಿಸ್ತಾರ ಸುಮಾರು 20 ಲಕ್ಷ ಚದರ ಕಿಲೋಮೀಟರ್, ಅಂದರೆ ಕೆನಡಾ ದೇಶದ ಐದನೆಯ ಒಂದು ಪಾಲು. 2021ರ ಜನಗಣತಿಯಂತೆ ಜನಸಂಖ್ಯೆ 36,858 ಮಾತ್ರ. ಅವರಲ್ಲಿ ಸುಮಾರು 85 ಶತಾಂಶ ಇನ್ಯೂಟ್ ಜನರು. ಒಂದು ಊರಿನಿಂದ ಇನ್ನೊಂದು ಊರಿಗೆ ರಸ್ತೆಯಿಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ಬೇಸಿಗೆಯಲ್ಲಿ ಹಿಮ ಕರಗಿದ ಮೇಲೆ ಹಡಗಿನಲ್ಲಿ ಹೋಗಬೇಕು.

ಈ ಸೀಮೆಯ ಒಡೆತನದ ಕಥೆ ಕುತೂಹಲಕರವಾದುದು. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್, ತಾನು ಎಂದೂ ಕಂಡಿರದ ಹಡ್ಸನ್ ಕೊಲ್ಲಿಯ ಸುತ್ತಲಿನ ಭೂಭಾಗವನ್ನೆಲ್ಲ ಹಡ್ಸನ್ಸ್ ಬೇ ಎಂಬ ವ್ಯಾಪಾರಿ ಕಂಪೆನಿಗೆ ದಯಪಾಲಿಸಿದನು. 1870ರಲ್ಲಿ ಅದು ಕೆನಡಾ ಸರ್ಕಾರಕ್ಕೆ ಹಸ್ತಾಂತರವಾಯಿತು. 1880ರಲ್ಲಿ ಬ್ರಿಟನ್ ಉತ್ತರಧ್ರುವದ ದ್ವೀಪಗಳನ್ನೂ ಕೆನಡಾಕ್ಕೆ ಒಪ್ಪಿಸಿತು. ಕಾಗದಗಳು ಕೈಯಿಂದ ಕೈಗೆ ಹೋದವು; ಆ ನೆಲದಲ್ಲಿ ಸಹಸ್ರಾರು ವರ್ಷಗಳಿಂದ ಬೇಟೆಯಾಡಿ ಬದುಕುತ್ತಿದ್ದ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಉದಾಸೀನ ಕ್ರೌರ್ಯದ ರೂಪ ತಾಳಿತು. 1953 ಮತ್ತು 1955ರಲ್ಲಿ ಸರ್ಕಾರವು ಕೆಬೆಕ್ ಪ್ರಾಂತದ ಇನುಕ್ಜುವಾಕ್ ಮೊದಲಾದ ಕಡೆಗಳಿಂದ ಇನ್ಯೂಟ್ ಕುಟುಂಬಗಳನ್ನು ಒಯ್ದು, ಅತ್ಯಂತ ಉತ್ತರದ ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್ ಎಂಬಲ್ಲಿ ನೆಲೆಗೊಳಿಸಿತು. ಪರಿಚಯವಿಲ್ಲದ ನೆಲ, ತಿಂಗಳುಗಟ್ಟಲೆ ಸೂರ್ಯನೇ ಕಾಣದ ಚಳಿಗಾಲ. ಈ ಕೃತ್ಯಕ್ಕಾಗಿ ಕೆನಡಾ ಸರ್ಕಾರ ಕ್ಷಮೆ ಯಾಚಿಸಿದ್ದು 2010ರ ಆಗಸ್ಟಿನಲ್ಲಿ, ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ.

ಇನ್ಯೂಟ್ ಮುಂದಾಳುಗಳು ಆಯುಧ ಹಿಡಿಯಲಿಲ್ಲ, ನಕ್ಷೆ ಬರೆಸಿದರು. ಯಾವ ಬೇಟೆಗಾರ ಯಾವ ಋತುವಿನಲ್ಲಿ ಎಲ್ಲಿ ಸಂಚರಿಸಿದ, ಎಲ್ಲಿ ಮೀನು ಹಿಡಿದ ಎಂಬುದನ್ನು ಹಿರಿಯರ ಬಾಯಿಂದ ಕೇಳಿ ನಕ್ಷೆಯ ಮೇಲೆ ಗುರುತಿಸಿದ ಬೃಹತ್ ಅಧ್ಯಯನವೊಂದು 1976ರಲ್ಲಿ ಪ್ರಕಟವಾಯಿತು. ಅದೇ ಅವರ ಹಕ್ಕುಸಾಧನೆಯ ಆಧಾರವಾಯಿತು. 1982ರ ಜನಮತಗಣನೆ, 1992ರ ಮತದಾನ, 1993ರ ಮೇ 25ರಂದು ಸಹಿಯಾದ ಭೂಹಕ್ಕಿನ ಒಪ್ಪಂದ ಎಂಬ ಮೆಟ್ಟಿಲುಗಳನ್ನು ಹತ್ತಿ, 1999ರ ಏಪ್ರಿಲ್ 1ರಂದು ನುನಾವುಟ್ ಪ್ರತ್ಯೇಕ ಪ್ರದೇಶವಾಯಿತು. ಅದರ ವಿಧಾನಸಭೆಯಲ್ಲಿ ರಾಜಕೀಯ ಪಕ್ಷಗಳೇ ಇಲ್ಲ. ಚುನಾಯಿತ ಸದಸ್ಯರು ಗುಪ್ತ ಮತದಾನದಿಂದ ತಮ್ಮೊಳಗಿಂದಲೇ ಮುಖ್ಯಸ್ಥನನ್ನು ಆರಿಸುತ್ತಾರೆ.

ಭೂಮಿಯ ಮೂರು ಪಾಲು

1993ರ ಒಪ್ಪಂದದ ನಂತರ ಅಲ್ಲಿಯ ಭೂಮಿಯನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಇನ್ಯೂಟ್ ಒಡೆತನದ ಭೂಮಿ. ಸುಮಾರು ಮೂರೂವರೆ ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ಭೂಮಿಯ ಸುಮಾರು ಹತ್ತನೆಯ ಒಂದು ಭಾಗದಲ್ಲಿ ಮಾತ್ರ ನೆಲದಡಿಯ ಖನಿಜಗಳ ಹಕ್ಕೂ ಅವರಿಗಿದೆ. ಈ ಒಡೆತನ ವ್ಯಕ್ತಿಗಳದ್ದಲ್ಲ, ಇನ್ಯೂಟ್ ಸಂಘಗಳದ್ದು. ಅದನ್ನು ಖಾಸಗಿಯವರಿಗೆ ಮಾರುವಂತಿಲ್ಲ.

ಎರಡನೆಯದು ಊರುಗಳೊಳಗಿನ ಭೂಮಿ. ಇದರ ಬಹುಪಾಲು ಆಯಾ ಊರಿನ ಪೌರಸಂಸ್ಥೆಗೆ ಸೇರಿದ್ದು. ಮನೆ ಕಟ್ಟುವವನಿಗೆ ನಿವೇಶನ ದೊರೆಯುವುದು ಕ್ರಯಕ್ಕಲ್ಲ, ದೀರ್ಘಕಾಲದ ಗೇಣಿಗೆ. ನಿವೇಶನವನ್ನು ಹಸನುಮಾಡಿದ ಖರ್ಚನ್ನು ಅವನು ಕಟ್ಟಿದ ಮೇಲೆ ಗೇಣಿ ಅತ್ಯಲ್ಪವಾಗುತ್ತದೆ. ಮನೆ ಅವನದು, ನೆಲ ಊರಿನದು. ಮೂಲಗೇಣಿಯ ಮಾತನ್ನು ಕೇಳಿ ಬಲ್ಲ ನಮ್ಮ ಕರಾವಳಿಯ ಹಿರಿಯರಿಗೆ ಈ ವ್ಯವಸ್ಥೆಯ ಮರ್ಮ ಸುಲಭವಾಗಿ ತಿಳಿದೀತು. ಭೇದವಿಷ್ಟೇ, ಅಲ್ಲಿ ಧಣಿಯ ಸ್ಥಾನದಲ್ಲಿರುವುದು ಇಡೀ ಊರು.

ಮೂರನೆಯದು ಉಳಿದ ವಿಶಾಲ ಭೂಭಾಗ. ಇದು ಒಟ್ಟವಾದಲ್ಲಿರುವ ಕೇಂದ್ರ ಸರ್ಕಾರದ ಸುಪರ್ದಿಗೆ ಸೇರಿತು. ಇದರ ಆಡಳಿತವನ್ನು ನುನಾವುಟ್ ಸರ್ಕಾರಕ್ಕೆ ವಹಿಸುವ ಒಪ್ಪಂದಕ್ಕೆ 2024ರ ಜನವರಿ 18ರಂದು ಇಕಾಲುಯಿಟ್ ನಗರದಲ್ಲಿ ಸಹಿಯಾಯಿತು. ಹಸ್ತಾಂತರಕ್ಕೆ ಗೊತ್ತುಪಡಿಸಿದ ದಿನ 2027ರ ಏಪ್ರಿಲ್ 1. ಕೆನಡಾದ ಉಳಿದ ಎರಡು ಉತ್ತರ ಪ್ರದೇಶಗಳಾದ ಯುಕಾನ್ ಮತ್ತು ವಾಯವ್ಯ ಪ್ರದೇಶಗಳಿಗೆ ಈ ಅಧಿಕಾರ 2003 ಮತ್ತು 2014ರಲ್ಲೇ ದೊರೆತಿತ್ತು.

ಖಾಸಗಿ ಒಡೆತನದ ವಿಚಾರ

2016ರ ಮತದಾನಕ್ಕೆ ಮುನ್ನ ಮಾರಾಟದ ಪರವಾಗಿ ಹೇಳಿದ ಕಾರಣಗಳು ತಳ್ಳಿಹಾಕುವಂಥವಲ್ಲ. ತನ್ನ ಮನೆ ನಿಂತ ನೆಲ ತನ್ನದೇ ಆದರೆ ಮನುಷ್ಯನಿಗೆ ಭದ್ರತೆಯುಂಟು. ಗೇಣಿಯ ಅವಧಿ ಮುಗಿದೀತೆಂಬ ಭಯವಿಲ್ಲ. ಮಕ್ಕಳಿಗೆ ಬಿಟ್ಟುಹೋಗಲು ಒಂದು ಆಸ್ತಿ ಉಂಟು. ವಿರೋಧಿಗಳ ಆತಂಕ ಬೇರೆ. ಹಸನುಮಾಡಿದ ನಿವೇಶನಗಳು ಬಹಳ ಕಡಿಮೆ. ಮಾರಾಟಕ್ಕೆ ಬಾಗಿಲು ತೆರೆದರೆ ಕೊಳ್ಳಬಲ್ಲವರು ಹಣವುಳ್ಳವರು, ಬಹುಮಟ್ಟಿಗೆ ಹೊರಗಿನವರು. ಒಮ್ಮೆ ಮಾರಿದ ನೆಲ ಊರಿಗೆ ಮರಳಿ ಬರುವುದಿಲ್ಲ.

ಈ ಪ್ರಶ್ನೆಯನ್ನು ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ವಿವೇಚಿಸಿದ್ದಾರೆ. ಅವರ ಬೋಧನೆಯಲ್ಲಿ ಎರಡು ಅಂಗಗಳಿವೆ. ವಸ್ತುಗಳನ್ನು ಗಳಿಸುವ, ನಿರ್ವಹಿಸುವ ವಿಷಯದಲ್ಲಿ ಖಾಸಗಿ ಒಡೆತನ ನ್ಯಾಯವಾದುದು. ಅದಕ್ಕೆ ಅವರು ಕೊಡುವ ಕಾರಣ ಮೂರು: ತನ್ನದೆಂಬುದನ್ನು ಮನುಷ್ಯ ಹೆಚ್ಚು ಜತನದಿಂದ ನೋಡಿಕೊಳ್ಳುತ್ತಾನೆ, ಯಾರ ಹೊಣೆ ಯಾವುದೆಂಬ ಕ್ರಮ ಉಂಟಾಗುತ್ತದೆ, ಜಗಳ ಕಡಿಮೆಯಾಗಿ ಶಾಂತಿ ನೆಲಸುತ್ತದೆ. ಆದರೆ ಬಳಕೆಯ ವಿಷಯದಲ್ಲಿ ಯಾವುದನ್ನೂ ತನ್ನೊಬ್ಬನದೆಂದು ಭಾವಿಸಲಾಗದು. ಅಗತ್ಯವುಳ್ಳವನೊಡನೆ ಹಂಚಿಕೊಳ್ಳಲು ಸದಾ ಸಿದ್ಧನಿರಬೇಕು. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರ ವಿಶ್ವಪತ್ರ 'ರೇರುಮ್ ನೊವಾರುಮ್' ಕಾರ್ಮಿಕನ ಖಾಸಗಿ ಆಸ್ತಿಯ ಹಕ್ಕನ್ನು ದೃಢವಾಗಿ ಎತ್ತಿಹಿಡಿದಾಗಲೂ, 2015ರಲ್ಲಿ ಜಗದ್ಗುರು ಫ್ರಾನ್ಸಿಸರ 'ಲೌದಾತೊ ಸಿ' ಸೃಷ್ಟಿಯ ಸಂಪತ್ತು ಸರ್ವರಿಗೂ ಮೀಸಲೆಂದು ನೆನಪಿಸಿದಾಗಲೂ ಈ ಎರಡು ಅಂಗಗಳೇ ಅವುಗಳ ತಳಹದಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂತ ತೋಮಸರ ಮೂರು ಕಾರಣಗಳೂ ಒಡೆತನವನ್ನು ಸಾಧನವಾಗಿ ಕಾಣುತ್ತವೆ. ಜತನ, ಕ್ರಮ, ಶಾಂತಿ ಇವೇ ಸಾಧ್ಯಗಳು. ಈ ಮೂರು ಫಲಗಳು ಸಾಮೂಹಿಕ ಒಡೆತನದಿಂದಲೇ ದೊರೆಯುವ ಸಮಾಜವಿದ್ದರೆ ಅದನ್ನು ಹಿಂದುಳಿದದ್ದೆಂದು ಹಳಿಯಲು ಕ್ರೈಸ್ತ ತತ್ತ್ವಶಾಸ್ತ್ರದಲ್ಲಿ ಆಧಾರವಿಲ್ಲ. ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಹದಿನೇಳನೆಯ ಶತಮಾನದಲ್ಲಿ, ನೆಲಕ್ಕೆ ತನ್ನ ದುಡಿಮೆಯನ್ನು ಬೆರೆಸಿದವನೇ ಅದರ ಒಡೆಯನೆಂದು ವಾದಿಸಿದನು. ಉಳುಮೆಯನ್ನೇ ದುಡಿಮೆಯ ಮಾದರಿಯಾಗಿ ಕಂಡ ಆ ವಾದದಲ್ಲಿ ಬೇಲಿ ಹಾಕದೆ ಬೇಟೆಯಾಡುವವನ ನೆಲ ಪಾಳುಭೂಮಿಯಾಗಿ ಬಿಡುತ್ತದೆ. ಇನ್ಯೂಟ್ ಜನರ ನಕ್ಷೆಗಳು ಈ ವಾದಕ್ಕೆ ಕೊಟ್ಟ ಉತ್ತರವೇ ಸರಿ: ಹೆಜ್ಜೆ, ಹೆಸರು, ನೆನಪು ಇವೂ ದುಡಿಮೆಯೇ.

ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ದೇವರು ಭೂಮಿಯನ್ನು ಶಾಶ್ವತವಾಗಿ ಪರಭಾರೆ ಮಾಡಬಾರದೆಂದು ಇಸ್ರಯೇಲರಿಗೆ ವಿಧಿಸಿದ್ದನ್ನೂ, ತನ್ನ ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಅರಸ ಅಹಾಬನಿಗೆ ಮಾರಲೊಪ್ಪದೆ ಪ್ರಾಣವನ್ನೇ ತೆತ್ತ ನಾಬೋತನನ್ನೂ ನಮ್ಮ ವಾಚಕರು ಬಲ್ಲರು. ಅಹಾಬನು ಒಳ್ಳೆಯ ಬೆಲೆಯನ್ನೇ ಕೊಡಲು ಬಂದಿದ್ದನೆಂಬುದನ್ನು ಮರೆಯಬಾರದು. ಎಲ್ಲಕ್ಕೂ ಬೆಲೆ ಉಂಟೆಂಬುದು ಅರಸನ ನಂಬಿಕೆ. ಕೆಲವಕ್ಕೆ ಇಲ್ಲವೆಂಬುದು ನಾಬೋತನ ನಂಬಿಕೆ.

ನೆಲ ಉಳಿಯಿತು, ಸೂರು?

ಆದರೆ ವಿಚಾರ ಇಲ್ಲಿಗೆ ಮುಗಿದರೆ ಅದು ಅರ್ಧಸತ್ಯವಾದೀತು. ನೆಲವನ್ನು ಉಳಿಸಿಕೊಂಡ ಜನರಿಗೆ ಸೂರು ದೊರೆತಿದೆಯೇ?

ಇನ್ಯೂಟ್ ಜನರು ಚದುರಿದ ಬಿಡಾರಗಳನ್ನು ಬಿಟ್ಟು ಊರುಗಳಿಗೆ ಬಂದದ್ದು ಬಹುಮಟ್ಟಿಗೆ 1950 ಮತ್ತು 1960ರ ದಶಕಗಳಲ್ಲಿ. ಶಾಲೆ, ಚಿಕಿತ್ಸೆ, ಸರ್ಕಾರದ ಸಹಾಯಧನ ಇವೆಲ್ಲ ಊರುಗಳಲ್ಲೇ ದೊರೆಯುತ್ತಿದ್ದವು. ಶಾಲೆಗೆ ಸೇರಿಸಲ್ಪಟ್ಟ ಮಕ್ಕಳ ಬಳಿ ಇರಲೆಂದು ಎಷ್ಟೋ ಕುಟುಂಬಗಳು ಬಿಡಾರ ಕಿತ್ತವು. ಊರಿಗೆ ಬಂದವರಿಗೆ ಮನೆ ಕಟ್ಟಿಕೊಡುವುದಾಗಿ ಸರ್ಕಾರ ಹೇಳಿತು. ಮೊದಲಿಗೆ ಬಂದದ್ದು ಬೆಂಕಿಪೆಟ್ಟಿಗೆ ಎಂದೇ ಅಡ್ಡಹೆಸರು ಪಡೆದ ಒಂದೇ ಕೋಣೆಯ ಮನೆಗಳು. ಜನಸಂಖ್ಯೆ ವೇಗವಾಗಿ ಬೆಳೆಯುತ್ತಿದ್ದಂತೆಯೇ, 1993ರಲ್ಲಿ ಒಟ್ಟವಾ ಸರ್ಕಾರ ಹೊಸ ಸಾರ್ವಜನಿಕ ವಸತಿಗೆ ಹಣ ಕೊಡುವುದನ್ನು ನಿಲ್ಲಿಸಿತು. ಭೂಹಕ್ಕಿನ ಒಪ್ಪಂದಕ್ಕೆ ಸಹಿ ಬಿದ್ದ ವರ್ಷವೂ ಅದೇ. ಒಂದು ಕೈಯಿಂದ ನೆಲದ ಹಕ್ಕನ್ನು ಕೊಟ್ಟು ಇನ್ನೊಂದು ಕೈಯಿಂದ ಸೂರಿನ ಹಣವನ್ನು ಹಿಂತೆಗೆದಂತಾಯಿತು.

ಅಲ್ಲಿ ಮನೆ ಕಟ್ಟುವುದು ಸುಲಭದ ಮಾತಲ್ಲ. ಮರಗಳಿಲ್ಲ. ನೆಲದಡಿ ಸದಾ ಹೆಪ್ಪುಗಟ್ಟಿರುವ ಮಣ್ಣು. ಅದು ಕರಗಿದರೆ ಮನೆ ವಾಲುತ್ತದೆ. ಆದುದರಿಂದ ಕಂಬಗಳ ಮೇಲೆ ಅಥವಾ ಜಲ್ಲಿಯ ದಿಬ್ಬದ ಮೇಲೆ ಕಟ್ಟಬೇಕು. ಮೊಳೆಯಿಂದ ಹಿಡಿದು ಬಾಗಿಲಿನವರೆಗೆ ಎಲ್ಲವೂ ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಹಡಗಿನಲ್ಲಿ ಬರಬೇಕು. ಹಡಗು ತಪ್ಪಿದರೆ ಒಂದು ವರ್ಷ ಹೋಯಿತು. ಈ ಕಾರಣಗಳಿಂದ ವೆಚ್ಚ ದಕ್ಷಿಣ ಕೆನಡಾಕ್ಕಿಂತ ಬಹಳ ಹೆಚ್ಚು. ನಿವೇಶನಗಳನ್ನು ಮಾರಿದ್ದರೂ ಈ ಕಷ್ಟಗಳಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ ಎಂಬುದನ್ನು ಮಾರಾಟದ ಪಕ್ಷಪಾತಿಗಳು ಗಮನಿಸಬೇಕು.

ಕಿಕ್ಕಿರಿದ ಮನೆಯ ಫಲ ದೇಹಕ್ಕೂ ಮನಸ್ಸಿಗೂ ತಟ್ಟುತ್ತದೆ. ಕೆನಡಾದಲ್ಲಿ ಹುಟ್ಟಿದ, ಮೂಲನಿವಾಸಿಗಳಲ್ಲದ ಜನರಿಗಿಂತ ಇನ್ಯೂಟ್ ಜನರಲ್ಲಿ ಕ್ಷಯರೋಗದ ಪ್ರಮಾಣ ನೂರಾರು ಪಟ್ಟು ಹೆಚ್ಚು. 2030ರೊಳಗೆ ಅದನ್ನು ನಿರ್ಮೂಲಗೊಳಿಸುವುದಾಗಿ 2018ರಲ್ಲಿ ಸರ್ಕಾರ ವಚನವಿತ್ತಿತು. ಆದರೆ ಗಾಳಿಯಾಡದ ಕೋಣೆಯಲ್ಲಿ ಸರದಿಯ ಮೇಲೆ ಮಲಗುವ ಕುಟುಂಬಕ್ಕೆ ಔಷಧಿಯೊಂದೇ ಸಾಲದು. ಕುಡಿತ, ಹೊಡೆತಗಳಿರುವ ಮನೆಯಿಂದ ತಾಯಿಯೊಬ್ಬಳು ಮಕ್ಕಳೊಂದಿಗೆ ಹೊರಡಬೇಕೆಂದರೂ ಊರಿನಲ್ಲಿ ಇನ್ನೊಂದು ಖಾಲಿ ಮನೆ ಇರುವುದಿಲ್ಲ. ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆಯುವ ನಾವು, ಗೃಹವೇ ಇಲ್ಲದ ಕಡೆ ಆ ಮಾತಿಗೆ ಅರ್ಥವೇನೆಂದು ಚಿಂತಿಸಬೇಕಾಗಿದೆ.

ನುನಾವುಟ್ ಸರ್ಕಾರ 2000ದಲ್ಲಿ ತನ್ನದೇ ವಸತಿ ನಿಗಮವನ್ನು ಸ್ಥಾಪಿಸಿತು. 2030ರೊಳಗೆ 3,000 ಮನೆಗಳನ್ನು ಕಟ್ಟುವ ಯೋಜನೆಯನ್ನು 2022ರಲ್ಲಿ ಸಾರಿತು. ಸಂಕಲ್ಪ ದೊಡ್ಡದು. ಆದರೆ 2025ರ ಮೇ ತಿಂಗಳಲ್ಲಿ ಕೆನಡಾದ ಮಹಾ ಲೆಕ್ಕಪರಿಶೋಧಕರು ಪ್ರದೇಶದ ವಿಧಾನಸಭೆಗೆ ಒಪ್ಪಿಸಿದ ವರದಿ, ಇರುವ ಸಾರ್ವಜನಿಕ ಮನೆಗಳು ನ್ಯಾಯವಾಗಿ ಹಂಚಿಕೆಯಾಗುತ್ತಿವೆಯೇ ಎಂಬ ಬಗ್ಗೆ ನಿಗಮ ಸಾಕಷ್ಟು ಮೇಲ್ವಿಚಾರಣೆ ನಡೆಸಿಲ್ಲವೆಂದು ಟೀಕಿಸಿತು. ಆಡಳಿತ ತಮ್ಮವರದೇ ಆದ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲ. ಪಾಳಿಯ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಯುವ ವಿಧವೆಗೆ, ತನ್ನನ್ನು ಹಿಂದಕ್ಕೆ ತಳ್ಳಿದವನು ದೂರದ ಅಧಿಕಾರಿಯೋ ತನ್ನ ಊರಿನವನೋ ಎಂಬುದರಿಂದ ನೋವು ಕಡಿಮೆಯಾದೀತೇ?

ಹಣದ ಹಗ್ಗ ಯಾರ ಕೈಯಲ್ಲಿ?

ನುನಾವುಟ್ ಸರ್ಕಾರದ ಆದಾಯದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಒಟ್ಟವಾದಿಂದ ಬರುತ್ತದೆ. ಊರುಗಳ ಸ್ಥಿತಿಯೂ ಹಾಗೆಯೇ. ಆಸ್ತಿತೆರಿಗೆ ಎತ್ತಿ ತನ್ನ ಕಾಲ ಮೇಲೆ ಸ್ವಲ್ಪವಾದರೂ ನಿಲ್ಲಬಲ್ಲ ಪೌರಸಂಸ್ಥೆ ಇಕಾಲುಯಿಟ್ ಒಂದೇ. ಉಳಿದ 24 ಊರುಗಳು ನೀರಿನ ಲಾರಿಗೂ ಕಸದ ಲಾರಿಗೂ ಪ್ರದೇಶ ಸರ್ಕಾರದ ಅನುದಾನವನ್ನೇ ನೆಚ್ಚಬೇಕು. ಇಕಾಲುಯಿಟ್ ನಗರವೂ ಸುಭದ್ರವೇನಲ್ಲ. 2021ರ ಅಕ್ಟೋಬರಿನಲ್ಲಿ ಅಲ್ಲಿಯ ಕುಡಿಯುವ ನೀರಿನಲ್ಲಿ ಇಂಧನ ತೈಲ ಬೆರೆತು, ಸುಮಾರು ಎರಡು ತಿಂಗಳ ಕಾಲ ಜನರು ನಲ್ಲಿಯ ನೀರನ್ನು ಕುಡಿಯುವಂತಿರಲಿಲ್ಲ.

1931ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು 'ಕ್ವಾದ್ರಾಜೆಸಿಮೊ ಆನ್ನೊ' ಎಂಬ ವಿಶ್ವಪತ್ರದಲ್ಲಿ ಪೂರಕ ತತ್ತ್ವವನ್ನು ನಿರೂಪಿಸಿದರು. ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳುವುದು ಅನ್ಯಾಯವೆಂಬುದು ಅದರ ಸಾರ. ಈ ತತ್ತ್ವವನ್ನು ಅರ್ಧವಾಗಿ ಓದುವವರುಂಟು. 'ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ' ಎಂದು ಹೇಳಿ ಕೈತೊಳೆದುಕೊಳ್ಳುವುದು ಪೂರಕ ತತ್ತ್ವವಲ್ಲ. ಚಿಕ್ಕ ಸಮುದಾಯಕ್ಕೆ ಶಕ್ತಿ ಸಾಲದಲ್ಲಿ ನೆರವಾಗುವುದು ದೊಡ್ಡದರ ಕರ್ತವ್ಯ. ಆ ನೆರವು ಸ್ವಾತಂತ್ರ್ಯವನ್ನು ಬೆಳೆಸುವಂತಿರಬೇಕು.

ಮಕ್ಕಳ ಆಹಾರಕ್ಕಾಗಿ ಕೇಂದ್ರದ ಹಣದಿಂದ ಊರುಗಳೇ ಚೀಟಿ ಹಂಚುವ ವ್ಯವಸ್ಥೆಯೊಂದು ನುನಾವುಟಿನಲ್ಲಿ ಇತ್ತೀಚೆಗೆ ನಡೆದಿತ್ತು. ದುಬಾರಿ ಅಂಗಡಿಗಳಲ್ಲಿ ಹಾಲು, ಹಣ್ಣು ಕೊಳ್ಳಲು ತಾಯಂದಿರಿಗೆ ಅದು ದೊಡ್ಡ ಆಸರೆಯಾಗಿತ್ತು. 2025ರ ಮಾರ್ಚ್ 31ಕ್ಕೆ ಊರುಗಳ ಮೂಲಕ ಬರುತ್ತಿದ್ದ ಆ ಹಣ ನಿಂತಿತು. ತೀರ್ಮಾನ ಒಟ್ಟವಾದ್ದು, ಬರಿದಾದದ್ದು ಉತ್ತರದ ತಟ್ಟೆ. ನೆರವು ಹಕ್ಕಾಗಿ ಬರದೆ ಕೃಪೆಯಾಗಿ ಬಂದಾಗ ಇಂಥ ಅನಿಶ್ಚಯ ತಪ್ಪದು. ಒಪ್ಪಂದದ ಷರತ್ತುಗಳನ್ನು ಕೇಂದ್ರ ಪಾಲಿಸಲಿಲ್ಲವೆಂದು ಇನ್ಯೂಟ್ ಸಂಸ್ಥೆ 2006ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2015ರಲ್ಲಿ 25.55 ಕೋಟಿ ಡಾಲರುಗಳಿಗೆ ಆ ವ್ಯಾಜ್ಯ ರಾಜಿಯಾಯಿತು.

ಈ ದೃಷ್ಟಿಯಿಂದ 2027ರ ಹಸ್ತಾಂತರ ನಿರ್ಣಾಯಕವಾದುದು. ಚಿನ್ನ ಮತ್ತು ಕಬ್ಬಿಣದ ಗಣಿಗಳಿರುವ ಸೀಮೆಯಲ್ಲಿ ಸಾರ್ವಜನಿಕ ಭೂಮಿಯ ಆಡಳಿತ ಪ್ರದೇಶಕ್ಕೆ ಬಂದರೆ ಸ್ವಂತ ಆದಾಯದ ಮಾರ್ಗ ತೆರೆಯುತ್ತದೆ. ಜೊತೆಗೇ ಪ್ರಲೋಭನೆಯೂ ಬರುತ್ತದೆ. ನಿವೇಶನವನ್ನು ಮಾರಲೊಪ್ಪದ ಜನತೆಯ ಸರ್ಕಾರ, ಮನೆಗಳಿಗೆ ಹಣ ಬೇಕೆಂಬ ಅವಸರದಲ್ಲಿ ಜಿಂಕೆಗಳು ಮರಿಹಾಕುವ ಬಯಲನ್ನು ಗಣಿಗೆ ಬಿಟ್ಟುಕೊಟ್ಟೀತೇ? ಅಧಿಕಾರವನ್ನು ನಡೆಸುವ ಸಿಬ್ಬಂದಿಯ ಪ್ರಶ್ನೆಯೂ ಇದೆ. ಸರ್ಕಾರಿ ಹುದ್ದೆಗಳಲ್ಲಿ ಇನ್ಯೂಟ್ ಜನರು ತಮ್ಮ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕೆಂಬುದು 1993ರ ಒಪ್ಪಂದದ ಗುರಿ. ಇಂದಿಗೂ ಅವರ ಪಾಲು ಸುಮಾರು ಅರ್ಧ. ಉಳಿದವರಲ್ಲಿ ಹೆಚ್ಚಿನವರು ದಕ್ಷಿಣದಿಂದ ಕೆಲವು ವರ್ಷಗಳಿಗಾಗಿ ಬರುವವರು.

ಧರ್ಮಸಭೆಯ ಹೊಣೆ

ಈ ಕಥೆಯಲ್ಲಿ ನಾವು ಪ್ರೇಕ್ಷಕರಲ್ಲ. 1912ರಲ್ಲಿ ಒಬ್ಲೇಟ್ ಸಭೆಯ ಗುರು ಆರ್ಸೆನ್ ತುರ್ಕೆತಿಲ್ ಅವರು ಚೆಸ್ಟರ್‌ಫೀಲ್ಡ್ ಇನ್ಲೆಟ್ ಎಂಬಲ್ಲಿ ಈ ಸೀಮೆಯ ಮೊದಲ ಕಥೋಲಿಕ ನೆಲೆಯನ್ನು ಸ್ಥಾಪಿಸಿದರು. ಹಿಮದ ನಾಡಿನಲ್ಲಿ ಆಸ್ಪತ್ರೆ ನಡೆಸಿದ, ಜನರ ಭಾಷೆ ಕಲಿತು ಅವರೊಡನೆ ಬಾಳಿದ ಗುರುಗಳ ಮತ್ತು ಕನ್ಯಾಸ್ತ್ರೀಯರ ತ್ಯಾಗ ಸಣ್ಣದಲ್ಲ. ಅದೇ ಊರಿನಲ್ಲಿ 1955ರಿಂದ 1969ರವರೆಗೆ ನಡೆದ ವಸತಿಶಾಲೆಯಲ್ಲಿ ತಂದೆತಾಯಿಯರಿಂದ ಅಗಲಿಸಲ್ಪಟ್ಟ ಮಕ್ಕಳು ದೌರ್ಜನ್ಯಕ್ಕೀಡಾದರೆಂಬುದೂ ಅಷ್ಟೇ ಸತ್ಯ. ಒಂದು ಸತ್ಯದಿಂದ ಇನ್ನೊಂದನ್ನು ಮುಚ್ಚಲಾಗದು.

2022ರ ಜುಲೈ 29ರಂದು ಜಗದ್ಗುರು ಫ್ರಾನ್ಸಿಸರು ತಮ್ಮ ಕೆನಡಾ ಪ್ರಾಯಶ್ಚಿತ್ತ ಯಾತ್ರೆಯ ಕೊನೆಯ ನಿಲುಗಡೆಯಾಗಿ ಇಕಾಲುಯಿಟ್ ನಗರಕ್ಕೆ ಬಂದು, ಆ ಶಾಲೆಗಳಲ್ಲಿ ನೊಂದವರನ್ನು ಕಂಡು ಕ್ಷಮೆ ಬೇಡಿದರು. 2023ರ ಮಾರ್ಚ್ 30ರಂದು ವ್ಯಾಟಿಕನ್, 'ಶೋಧನೆಯ ಸಿದ್ಧಾಂತ'ವನ್ನು ಸ್ಪಷ್ಟವಾಗಿ ನಿರಾಕರಿಸಿತು. ಹೊಸ ನೆಲವನ್ನು ಕಂಡ ಯುರೋಪಿಯನನಿಗೆ ಅದರ ಒಡೆತನ ಸಲ್ಲುತ್ತದೆಂಬ ಆ ಸಿದ್ಧಾಂತಕ್ಕೆ ಹದಿನೈದನೆಯ ಶತಮಾನದ ಕೆಲವು ಪೋಪ್ ಶಾಸನಗಳನ್ನು ಆಧಾರವಾಗಿ ಬಳಸಲಾಗಿತ್ತು. 1537ರಲ್ಲೇ ಜಗದ್ಗುರು ಮೂರನೆಯ ಪೌಲರು, ಕ್ರೈಸ್ತರಲ್ಲದ ಮೂಲನಿವಾಸಿಗಳ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಬಾರದೆಂದು ವಿಧಿಸಿದ್ದರು. ಆ ಮಾತನ್ನು ಕಿವಿಗೆ ಹಾಕಿಕೊಂಡವರು ಕಡಿಮೆ. ಬೋಧನೆ ಸರಿಯಿದ್ದರೆ ಸಾಲದು, ಅದು ಆಚರಣೆಗೆ ಬರಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ನುನಾವುಟಿನ ಅನುಭವದಿಂದ ಮೂರು ಮಾತುಗಳನ್ನು ಸಂಗ್ರಹಿಸಬಹುದು. ನೆಲವನ್ನು ಸಾಮೂಹಿಕವಾಗಿ ಉಳಿಸಿಕೊಳ್ಳುವುದು ಅವಿವೇಕವಲ್ಲ. ಅದು ಇನ್ನೂ ಹುಟ್ಟದ ಮಕ್ಕಳ ಪಾಲನ್ನು ಕಾಯ್ದಿಡುವ ನಿರ್ಧಾರ. ಆದರೆ ಹಕ್ಕುಪತ್ರ ಚಳಿಯನ್ನು ತಡೆಯುವುದಿಲ್ಲ. ನೆಲದ ಹಕ್ಕಿನೊಂದಿಗೆ ಸೂರಿನ ಹಕ್ಕೂ ಕೂಡಿಬಂದಾಗಲೇ ನ್ಯಾಯ ಪೂರ್ಣವಾಗುತ್ತದೆ. ಮೂರನೆಯದಾಗಿ, ಸಾರ್ವಜನಿಕ ಹಣವನ್ನು ಹಂಚುವವನು, ಅವನು ದೂರದವನಾಗಲಿ ಊರಿನವನಾಗಲಿ, ಲೆಕ್ಕ ಒಪ್ಪಿಸಲೇಬೇಕು.

'ನಮ್ಮ ನೆಲ' ಎಂಬ ಎರಡು ಪದಗಳಲ್ಲಿ ಕಷ್ಟವಾದದ್ದು ಮೊದಲನೆಯ ಪದ. ನೆಲವನ್ನು ಅಳೆಯಬಹುದು, ನಕ್ಷೆ ಬರೆಯಬಹುದು. 'ನಮ್ಮ' ಎಂಬುದರೊಳಗೆ ಯಾರು ಯಾರು ಸೇರುತ್ತಾರೆ, ಪಾಳಿಯ ಪಟ್ಟಿಯ ಕೊನೆಯಲ್ಲಿರುವ ವಿಧವೆ ಸೇರುತ್ತಾಳೆಯೇ ಎಂಬುದನ್ನು ಮಾತ್ರ ಪ್ರತಿಯೊಂದು ಊರೂ ದಿನದಿನವೂ ತೀರ್ಮಾನಿಸಬೇಕು. ಆಸ್ತಿ ಪಾಲಿನ ಮಾತು ಬಂದಾಗ ನಮ್ಮ ಕುಟುಂಬಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ ಅಲ್ಲವೇ?